ಆಳಿಲ್ಲದ ಅಣಬೆ ಅಂಗಡಿ

ಮಾತಿನಲ್ಲಿ ನನ್ನನ್ನು ಸೋಲಿಸುವ ಗಂಡಾಗಲಿ ಹೆಣ್ಣಾಗಲಿ ಜಪಾನಿನ ಈ ಓಯಿತಾ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನಮ್ಮ ಕಣಿವೆಯ ಬಸ್ಸು ಹತ್ತಿಲ್ಲ! ಆ ಬಸ್ಸನ್ನು ಓಡಿಸುತ್ತಿದ್ದವನು ನಾನೇ, ಎತೊ ಶಿಗೆಹರು. ನನ್ನ ಮಾತು ಕೇಳುತ್ತ ಅರ್ಧದಲ್ಲಿ ಎದ್ದು ಹೋದವರು ಒಬ್ಬರೂ ಇಲ್ಲ. ಓಡುವ ಬಸ್ಸಿನಿಂದ ಎದ್ದು ಹೋಗುವುದು ಹೇಗೆ ಎಂದು ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ. ನನ್ನ ತಲೆಯ ಮೇಲೆ 'ಚಾಲಕನೊಡನೆ ಮಾತನಾಡಬಾರದು' ಎಂಬ ಫಲಕವಿತ್ತು. ಚಾಲಕ ಮಾತನಾಡಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ.

ನನಗೆ ವಯಸ್ಸಾಯಿತು, ಬಸ್ಸಿಗೆ ನನಗಿಂತ ಹೆಚ್ಚು ವಯಸ್ಸಾಯಿತು. ಇಬ್ಬರನ್ನೂ ಒಂದೇ ವರ್ಷ ನಿಲ್ಲಿಸಿದರು. ಮರುವರ್ಷ ನನ್ನ ಹೆಂಡತಿ ತೊಮಿಕೊ ತೀರಿಹೋದಳು. ಆಮೇಲೆ ನೋಡಿ, ಮನೆಯಲ್ಲಿ ನನ್ನೊಡನೆ ಮಾತನಾಡಲು ಉಳಿದದ್ದು ಸ್ನಾನದ ನೀರು ಕಾಯಿಸುವ ಯಂತ್ರ ಒಂದೇ. ಅದು ಪ್ರತಿ ಸಂಜೆ ಇಂಪಾದ ಹೆಣ್ಣುದನಿಯಲ್ಲಿ "ಸ್ನಾನದ ನೀರು ಕಾದಿದೆ" ಎನ್ನುತ್ತದೆ. ನಾನು "ಬಂದೆ, ಬಂದೆ" ಎನ್ನುತ್ತೇನೆ. ಅಲ್ಲಿಗೆ ಆ ದಿನದ ಸಂಭಾಷಣೆ ಸಂಪೂರ್ಣ!

ಹೀಗಿರಲಾಗಿ ನಾನು ಒಂದು ಘೋರ ಪ್ರತಿಜ್ಞೆ ಮಾಡಿದೆ. ಅಣಬೆ ಬೆಳೆಯುತ್ತೇನೆ! ಬಿಸಿನೀರ ಬುಗ್ಗೆಗೆ ಹೋಗುವ ರಸ್ತೆಯ ಪಕ್ಕ ಅಂಗಡಿ ಇಡುತ್ತೇನೆ! ಜನ ಬರುತ್ತಾರೆ, ಅಣಬೆ ಕೊಳ್ಳುತ್ತಾರೆ, ಎರಡು ಮಾತನಾಡುತ್ತಾರೆ. ಅಣಬೆ ನೆಪ, ಮಾತೇ ಲಾಭ. ಇಂಥ ವ್ಯಾಪಾರದ ಗುಟ್ಟು ಟೋಕಿಯೋದ ಕೋಟ್ಯಧೀಶರಿಗೂ ಹೊಳೆದಿರಲಿಕ್ಕಿಲ್ಲ.

ಕೆಳಗಿನ ಮನೆಯ ಮಿತ್ಸುಯೊಗೆ ಇದನ್ನು ಹೇಳಿದೆ. ಶಾಲೆಯಲ್ಲಿ ಆಕೆ ನನಗಿಂತ ಒಂದು ತರಗತಿ ಮುಂದಿದ್ದಳು. ಆ ಅಧಿಕಾರವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಈಗ ಒಬ್ಬಳೇ ಈರುಳ್ಳಿ ಸೊಪ್ಪು ಬೆಳೆಯುತ್ತಾಳೆ.

"ಈ ವಯಸ್ಸಲ್ಲಿ ಅಣಬೆನಾ? ಓಕ್ ಮರದ ತುಂಡಿಗೆ ಬೀಜ ಹೊಡೆದ್ರೆ ಎರಡು ಬೇಸಿಗೆ ಕಾಯ್ಬೇಕು, ಗೊತ್ತಾ ಶಿಗೆ?"

"ಕಾಯೋದು ಬಿಟ್ಟು ನಂಗೇನಿದೆ ಕೆಲಸ?"

"ನೀನು ಕಾಯ್ತೀಯ. ನಿನ್ನ ಸೊಂಟ ಕಾಯುತ್ತಾ?"

ಸೊಂಟ ಕಾಯಿತು, ಗೊಣಗುತ್ತ ಕಾಯಿತು. ಮರದ ತುಂಡುಗಳಿಗೆ ತೂತು ಕೊರೆದೆ. ಒಂದೊಂದು ತೂತಿಗೂ ಬೀಜದ ಬೆಣೆ ಇಟ್ಟು ಸುತ್ತಿಗೆಯಿಂದ ಹೊಡೆದೆ. ಬೆಣೆಗಿಂತ ಹೆಚ್ಚು ಪೆಟ್ಟು ತಿಂದದ್ದು ನನ್ನ ಹೆಬ್ಬೆರಳು. ಅದರಲ್ಲೇ ಅಣಬೆ ಮೊಳೆಯಬಹುದೆಂಬ ಭಯವೂ ಇತ್ತು. ತುಂಡುಗಳನ್ನು ದೇವದಾರಿನ ನೆರಳಲ್ಲಿ ಸಾಲಾಗಿ ಒರಗಿಸಿದೆ. ಆಮೇಲೆ ದಿನಾ ಹೋಗಿ ಅವುಗಳ ಮುಂದೆ ಕೂತು ಮಾತನಾಡಿದೆ. ಬಸ್ಸಿನ ಕಥೆ, ತೊಮಿಕೊ ಮಾಡುತ್ತಿದ್ದ ಸಾರಿನ ಕಥೆ, ಹೇಳಿದ್ದನ್ನೇ ಮತ್ತೆ. ಬೇರೆಯವರ ತುಂಡುಗಳು ಗುಡುಗಿಗೆ ಎಚ್ಚರಗೊಂಡು ಅಣಬೆ ಬಿಡುತ್ತವಂತೆ. ನನ್ನವು "ಈ ಮುದುಕ ಎದ್ದು ಹೋಗಲಿ, ಏನು ಬೇಕೋ ಕೊಟ್ಟುಬಿಡೋಣ" ಎಂದು ಎರಡನೆಯ ಬೇಸಿಗೆ ಮುಗಿದ ಒಂದೇ ವಾರದಲ್ಲಿ ಮೈತುಂಬ ಅಣಬೆ ಬಿಟ್ಟವು! ಒಂದೊಂದೂ ಛತ್ರಿಯಷ್ಟಿತ್ತು. ಮಳೆ ಬಂದಾಗ ಒಂದರ ಕೆಳಗೆ ನಿಂತು ಸಿಗರೇಟು ಸೇದಿದೆ ಎಂದರೆ ನೀವು ನಂಬುವುದಿಲ್ಲ. ನಂಬದಿರುವುದೇ ಒಳ್ಳೆಯದು.

ಬುಗ್ಗೆಯ ರಸ್ತೆಯಲ್ಲಿ, ಹೊಳೆಯ ಸೇತುವೆಯ ಬಳಿ ಅಂಗಡಿ ಎದ್ದಿತು. ನಮ್ಮ ಕಡೆಯ ಅಂಗಡಿಗಳೆಂದರೆ ಗೊತ್ತಲ್ಲ, ಒಂದು ತಗಡಿನ ಮಾಡು, ಒಂದು ಹಲಗೆ, ಹಣ ಹಾಕಲು ಒಂದು ಡಬ್ಬಿ. ಕಾಯಲು ಯಾರೂ ಇರುವುದಿಲ್ಲ. 'ಆಳಿಲ್ಲದ ಅಂಗಡಿ' ಎಂದು ನಾನೂ ಚೆಂದವಾಗಿ ಬರೆದು ತೂಗುಹಾಕಿದೆ. ಅದರ ಕೆಳಗೆ ಕುರ್ಚಿ ಹಾಕಿಕೊಂಡು, ಚಹಾ ಇಟ್ಟುಕೊಂಡು, ಕೂತೆ.

ಕಾರುಗಳು ಬಂದವು. ನಿಧಾನವಾದವು. ನನ್ನನ್ನು ಕಂಡವು. ಬುರ್ರೆಂದು ಓಡಿದವು! ನಾನು ನಕ್ಕೆ, ಕೈಬೀಸಿದೆ, ಬಗ್ಗಿ ನಮಸ್ಕರಿಸಿದೆ. ಕೈಬೀಸಿದಷ್ಟೂ ಅವುಗಳ ವೇಗ ಹೆಚ್ಚಿತು. ನನ್ನ ಬಸ್ಸಿಗೆ ಆ ವೇಗ ಇದ್ದಿದ್ದರೆ ಅದನ್ನು ನಿಲ್ಲಿಸುತ್ತಲೇ ಇರಲಿಲ್ಲ.

ಮಿತ್ಸುಯೊ ಸೊಪ್ಪಿನ ಬುಟ್ಟಿ ಹೊತ್ತು ಬಂದವಳು ಬೋರ್ಡು ನೋಡಿದಳು, ನನ್ನನ್ನು ನೋಡಿದಳು.

"ಲೋ ಶಿಗೆ, ಆಳಿಲ್ಲದ ಅಂಗಡೀಲಿ ನೀನ್ಯಾಕೆ ಕೂತಿದೀಯ?"

"ಮಾಲೀಕ ಕೂರಬಾರದಾ?"

"ಕೂತ್ರೆ ಜನ ಏನಂದ್ಕೋಬೇಕು? 'ನಿಮ್ಮನ್ನ ನಂಬ್ತೀನಿ' ಅಂತ ಬರೆದು, ಪಕ್ಕದಲ್ಲೇ ಕಣ್ಣು ಬಿಟ್ಕೊಂಡು ಕಾಯ್ತಾ ಇದೀಯಲ್ಲ! ಮರ್ಯಾದಸ್ಥರು ಯಾರು ಇಳೀತಾರೆ?"

"ಹಾಗಾದ್ರೆ ಬೋರ್ಡು ತೆಗೀತೀನಿ."

"ಆಗ ಇಳಿದವರು ಕೊಳ್ಳದೆ ಹೋಗೋಕಾಗಲ್ಲ, ಸಂಕೋಚ. ಅದಕ್ಕೇ ಇಳಿಯೋದೇ ಇಲ್ಲ. ಮನೆಗೆ ಹೋಗು."

ಮನೆಯೊಳಗೆ ಏನಿದೆ? ಹೋಗಲಿಲ್ಲ. ಅಂಗಡಿಯ ಹಿಂದೆ ಹಳೆಯ ಮರದ ತುಂಡುಗಳ ರಾಶಿ ಇತ್ತು. ಅದರ ಹಿಂದೆ ಮೀನು ತುಂಬುವ ಪೆಟ್ಟಿಗೆ ಬೋರಲು ಹಾಕಿ ಅಡಗಿ ಕೂತೆ.

ಆಹಾ! ಕಾರುಗಳು ನಿಂತವು! ಜನ ಇಳಿದರು! "ಎಷ್ಟು ದಪ್ಪಗಿದೆ ನೋಡ್ರೀ" ಎಂದಳು ಒಬ್ಬಳು. "ನಿನ್ನ ಅಣ್ಣನ ಮೂಗಿದ್ದ ಹಾಗಿದೆ" ಎಂದ ಅವಳ ಗಂಡ. ಅವರು ಜಗಳ ಆಡುತ್ತಲೇ ಅಣಬೆ ಕೊಂಡರು, ಜಗಳ ಆಡುತ್ತಲೇ ಹೋದರು. ಬೇರೆಯವರ ಮನೆಯ ಜಗಳ ಇಷ್ಟು ಸಿಹಿಯಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ. ದಿನಾ ಹೋದೆ. ಸೊಳ್ಳೆಗಳಿಗೆ ರಕ್ತದಾನ ಮಾಡುತ್ತ, ಉಸಿರು ಬಿಗಿಹಿಡಿದು, ಎರಡೂ ಕಿವಿ ತುಂಬ ಕೇಳಿಸಿಕೊಂಡು ಬಂದೆ. ಮಾತಿನ ಮಹಾರಾಜ ಈಗ ಮಾತಿನ ಕಳ್ಳ!

ಒಂದು ಮಧ್ಯಾಹ್ನ ನೀಲಿ ಕಾರಿನಲ್ಲಿ ಒಬ್ಬಳೇ ಹೆಂಗಸು ಬಂದಳು. ಖಾಲಿ ಅಂಗಡಿಗೆ ಬಗ್ಗಿ ನಮಸ್ಕರಿಸಿದಳು. ಒಳ್ಳೆಯ ಮನೆಯವರು ಯಾರೂ ಇಲ್ಲದಿದ್ದರೂ ಹಾಗೆ ಮಾಡುತ್ತಾರೆ. "ಒಂದು ಪೊಟ್ಟಣ ತಗೋತೀನಿ, ಪರವಾಗಿಲ್ವಾ?" ಎಂದಳು.

ಪ್ರಶ್ನೆ! ನನ್ನನ್ನು ಯಾರಾದರೂ ಒಂದು ಪ್ರಶ್ನೆ ಕೇಳಿ ಎಷ್ಟು ಕಾಲವಾಗಿತ್ತು! ತಡೆಯಲಾಗಲಿಲ್ಲ. ಕಟ್ಟಿಗೆ ರಾಶಿಯೊಳಗಿಂದ, ನಿಲ್ದಾಣ ಕೂಗುತ್ತಿದ್ದ ಆ ಹಳೆಯ ಗಂಟಲಲ್ಲಿ, "ಸಂಕೋಚ ಬೇಡ, ಇನ್ನೊಂದು ತಗೊಳ್ಳಿ!" ಎಂದೆ.

ಆಕೆ ಕೂಗಿದ ಕೂಗಿಗೆ ಹೊಳೆಯ ಮೀನುಗಳು ಎದುರು ದಡಕ್ಕೆ ಹಾರಿದವು. ಪೊಟ್ಟಣ ಅಲ್ಲಿ, ಚಪ್ಪಲಿ ಇಲ್ಲಿ, ಕಾರು ಎಲ್ಲೋ! 'ಪಾಪ, ಒಲೆ ಮೇಲೆ ಏನೋ ಇಟ್ಟು ಬಂದಿದ್ದಾಳೆ' ಎಂದುಕೊಂಡು, ಚಪ್ಪಲಿಯನ್ನು ಒರೆಸಿ ಹಲಗೆಯ ಮೇಲಿಟ್ಟು ಮನೆಗೆ ಬಂದೆ.

ಅಕ್ಕಿ ತೊಳೆಯುತ್ತಿದ್ದೆ, ಬೆಟ್ಟದ ಮೇಲಿನ ಧ್ವನಿವರ್ಧಕ ಗುಂಯ್‌ಗುಟ್ಟಿತು. ಅದು ಬಿರುಗಾಳಿಗೆ, ಭೂಕಂಪಕ್ಕೆ ಕೂಗುವಂಥದು. ಉಳಿದಂತೆ ಸಂಜೆಯಾದರೆ "ಮಕ್ಕಳೇ, ಮನೆಗೆ ಹೋಗಿ" ಎನ್ನುತ್ತದೆ. ನಮ್ಮೂರಿನ ಅತಿ ಕಿರಿಯ ಮಗುವಿಗೆ ಅರವತ್ತೆರಡು ವರ್ಷ. ಅವತ್ತು ಮಾತ್ರ ಬೇರೆ ಕೂಗಿತು: "ಸೇತುವೆಯ ಅಣಬೆ ಅಂಗಡಿಯ ಬಳಿ ಅನುಮಾನಾಸ್ಪದ ವ್ಯಕ್ತಿಯೊಬ್ಬ ಅಡಗಿದ್ದಾನೆ... ಅಡಗಿದ್ದಾನೆ... ಎಲ್ಲರೂ ಎಚ್ಚರಿಕೆಯಿಂದಿರಿ... ಯಿಂದಿರಿ..."

ನನ್ನ ರಕ್ತ ಕುದಿಯಿತು. ನನ್ನ ಅಂಗಡಿಗೆ ಕಳ್ಳನೇ? ಸುತ್ತಿಗೆ ಹಿಡಿದು ಓಡಿದೆ!

ಸೇತುವೆಯ ಬಳಿ ಇಡೀ ಊರೇ ಸೇರಿತ್ತು. ಬೆಂಕಿ ಆರಿಸುವ ಪಡೆಯ ಅಂಗಿ ತೊಟ್ಟ ಮುದುಕರು, ಸಲಿಕೆ ಹಿಡಿದ ಮುದುಕಿಯರು. ಬದುಕಿದ್ದಾರೆಂದು ನನಗೆ ನೆನಪೇ ಇಲ್ಲದವರೂ ಬಂದಿದ್ದರು. "ಪಾಪ ಎತೊ! ಹೆದರಬೇಡ, ನಾವಿದೀವಿ!" ಎಂದು ಬೆನ್ನು ತಟ್ಟಿದರು. ನನ್ನನ್ನೇ ಮುಂದೆ ಬಿಟ್ಟು ಪೊದೆ ಪೊದೆ ಬಡಿದರು. ನಾನು ಎಲ್ಲರಿಗಿಂತ ಜೋರಾಗಿ ಬಡಿದೆ. ಕಟ್ಟಿಗೆಯ ಹಿಂದೆ ಮೀನಿನ ಪೆಟ್ಟಿಗೆ ಸಿಕ್ಕಾಗ "ದುಷ್ಟ! ಕೂರೋಕೆ ವ್ಯವಸ್ಥೆ ಬೇರೆ ಮಾಡ್ಕೊಂಡಿದಾನೆ!" ಎಂದು ಯಾರೋ ಬೈದರು. ನಾನೂ ಬೈದೆ. ಬೈದು ಮುಗಿಸಿದ ಮೇಲೆ ಹೊಳೆಯಿತು ಅದು ನನ್ನದೇ ಎಂದು. ಆಮೇಲೆ ಉಳಿದದ್ದೂ ಒಂದೊಂದಾಗಿ ಹೊಳೆಯಿತು. ಚಪ್ಪಲಿ ಸಮೇತ.

ಹೇಳಬಹುದಿತ್ತು. ಹೇಳಿದರೆ ಎಲ್ಲರೂ ಮನೆಗೆ ಹೋಗುತ್ತಿದ್ದರು.

ಅದರ ಬದಲು ಕೆಂಡದ ಒಲೆ ತಂದೆ. ಅಣಬೆಗಳನ್ನು ಬೋರಲು ಇಟ್ಟು, ಅಡಿಯ ಗೆರೆಗಳ ಮೇಲೆ ಸೋಯಾ ರಸದ ಹನಿ ಬಿಟ್ಟು ಸುಟ್ಟೆ. ಘಮ ಹರಡಿತು. ಜನ ಸಲಿಕೆ ಕೆಳಗಿಟ್ಟು ಕೂತರು. ಯಾರೋ ಹೆಂಡ ತಂದರು. ಮಂಡಿನೋವು, ಹಂದಿ ಕಾಟ, ಸತ್ತವರ ಸುದ್ದಿ, ಸಾಯಬೇಕಾದವರ ಸುದ್ದಿ, ಎಂಥ ಮಾತು, ಎಂಥ ಗದ್ದಲ! 'ದೇವರೇ, ಈ ಕಳ್ಳ ದಿನಾ ಬರಲಿ' ಎಂದು ಮನಸ್ಸಿನಲ್ಲೇ ಕೈಮುಗಿದೆ.

ಅಷ್ಟರಲ್ಲಿ ಹಿಡಾಕ ಎಂಬ ಪೊಲೀಸಿನವನು ಬಂದ. ಹಿಂದೆ ಆ ನೀಲಿ ಕಾರಿನ ಹೆಂಗಸು, ಪೊಲೀಸ್ ಠಾಣೆಯ ದೊಡ್ಡ ಚಪ್ಪಲಿ ಮೆಟ್ಟಿಕೊಂಡು. ಸುಖದ ಮತ್ತಿನಲ್ಲಿದ್ದ ನಾನು ತಟ್ಟೆಯನ್ನು ಆಕೆಯ ಮುಂದೆಯೂ ಹಿಡಿದೆ. ಬಾಯಿ ತಾನಾಗಿಯೇ ತೆರೆಯಿತು.

"ಸಂಕೋಚ ಬೇಡ, ಇನ್ನೊಂದು ತಗೊಳ್ಳಿ!"

"ಅದೇ ಗಂಟಲು! ಅದೇ!" ಎಂದು ಆಕೆ ಹಿಡಾಕನ ಬೆನ್ನಿಗೆ ಅಂಟಿಕೊಂಡಳು.

ಜನ ತಿರುಗಿ ನನ್ನನ್ನೇ ನೋಡಿದರು.

"ಎತೊ ಅವ್ರೇ," ಹಿಡಾಕ ಮೆಲ್ಲಗೆ ಕೇಳಿದ, "ನಿಮ್ಮ ಅಂಗಡೀಲಿ ನೀವೇ ಯಾಕೆ ಅಡಗಿದ್ರಿ?"

ಸುಳ್ಳು ಹೇಳಲು ನನಗೆ ಎಂದೂ ಕಷ್ಟವಾದದ್ದಿಲ್ಲ. ಅವತ್ತು ಒಂದೂ ಸಿಗಲಿಲ್ಲ.

"ಯಾರಾದ್ರೂ ಮಾತಾಡೋದು ಕೇಳ್ಸುತ್ತಲ್ಲ, ಅದಕ್ಕೆ."

ನಗುತ್ತಾರೆ ಎಂದುಕೊಂಡೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಒಬ್ಬೊಬ್ಬರಾಗಿ ಎದ್ದು, ಬಗ್ಗಿ ನಮಸ್ಕರಿಸಿ, ಸಲಿಕೆ ಹೆಗಲಿಗೇರಿಸಿ ಹೋದರು. ಆ ಹೆಂಗಸು ತಾನೇ ತಪ್ಪು ಮಾಡಿದವಳಂತೆ ಕ್ಷಮೆ ಕೇಳಿ, ಎರಡು ಪೊಟ್ಟಣ ಕೊಂಡು, ತನ್ನ ಚಪ್ಪಲಿ ಮೆಟ್ಟಿಕೊಂಡು ಹೋದಳು. ಬೆಟ್ಟದ ಮೇಲಿಂದ ಧ್ವನಿವರ್ಧಕ ಕೂಗಿತು: "ಅನುಮಾನಾಸ್ಪದ ವ್ಯಕ್ತಿ ಪತ್ತೆಯಾಗಿದ್ದಾನೆ. ಆತ ಅಂಗಡಿಯ ಮಾಲೀಕನೇ... ಮಾಲೀಕನೇ... ಮಾಲೀಕನೇ..." ಆ ಬೆಟ್ಟಕ್ಕೆ ಒಂದು ಸಲ ಹೇಳಿದರೆ ಸಾಲದು, ನನ್ನ ಹಾಗೆಯೇ!

ಅಂದಿನಿಂದ ಹಗಲಲ್ಲಿ ಅಂಗಡಿಯ ಕಡೆ ಹೆಜ್ಜೆ ಇಟ್ಟಿಲ್ಲ. ಬೆಳಕು ಹರಿಯುವ ಮುನ್ನ ಅಣಬೆ ಇಟ್ಟು ಬರುತ್ತೇನೆ, ಕತ್ತಲಾಗುವಾಗ ಹಣದ ಡಬ್ಬಿ ತರುತ್ತೇನೆ. ವ್ಯಾಪಾರ ಈಗ ಭರ್ಜರಿ. ಒಂದು ಅಣಬೆಯೂ ಉಳಿಯುವುದಿಲ್ಲ. ನಾನಿಲ್ಲದಿದ್ದರೆ ಎಲ್ಲವೂ ಎಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದನ್ನು ಬದುಕಿರುವಾಗಲೇ ನೋಡುವ ಭಾಗ್ಯ ಎಷ್ಟು ಜನಕ್ಕಿದೆ?

ಮೊನ್ನೆ ಮಿತ್ಸುಯೊ ಈರುಳ್ಳಿ ಸೊಪ್ಪು ಹಿಡಿದು ಬಾಗಿಲಿಗೆ ಬಂದಳು. ಮುಖದಲ್ಲಿ ಏನೋ ಹಗುರ.

"ನಿನ್ನೆ ನಿನ್ನ ಅಂಗಡಿಗೆ ಹೋಗಿದ್ದೆ ಶಿಗೆ. ಆ ಕಟ್ಟಿಗೆ ರಾಶಿ ಮುಂದೆ ಕೂತು ಎಲ್ಲಾ ಹೇಳ್ದೆ. ನನ್ನ ಮಂಡಿ, ನನ್ನ ಸೊಸೆ, ನನ್ನ ಗಂಡ ಹೋದ ದಿನ ಬೆಳಗ್ಗೆ ಏನಂದ ಅನ್ನೋದು. ಹೊತ್ತು ಹೋದದ್ದೇ ಗೊತ್ತಾಗ್ಲಿಲ್ಲ."

ಇಷ್ಟು ವರ್ಷ ಕಾದ ಮಾತು, ನಾನು ಇಲ್ಲದ ದಿನವೇ!

"ಅಯ್ಯೋ ಮಿತ್ಸುಯೊ! ನಾನು ಅಲ್ಲಿರ್ಲಿಲ್ಲ ಕಣೇ! ಮನೇಲಿದ್ದೆ! ಇದ್ದಿದ್ರೆ ನಾನೂ ಹೇಳ್ತಿದ್ದೆ, ನನ್ನ ಮಂಡೀನೂ ಹಾಗೇನೇ, ತೊಮಿಕೊ ಹೋದಾಗ್ಲೂ, ಅವತ್ತೊಂದು ದಿನ ಬಸ್ಸಲ್ಲಿ..."

ಮಿತ್ಸುಯೊ ಸೊಪ್ಪಿನ ಕಟ್ಟನ್ನು ನನ್ನ ಕೈಗಿಟ್ಟಳು.

"ನೀನಿಲ್ಲ ಅನ್ನೋದು ನಂಗೆ ಗೊತ್ತಿತ್ತು ಕಣೋ. ಅದಕ್ಕೇ ಅಲ್ವಾ, ನನ್ನ ಮಾತು ಕೊನೆ ತನಕ ಹೋದದ್ದು!"