ಮೂರನೇ ಸಾಲಿನ ಏಳನೇ ಗೂಡಿನ ಬಾಟಲಿ ತಾನಾಗಿಯೇ ತುಂಬಿಕೊಂಡ ವಿಚಾರ

ಐಷಾರಾಮಿ ಪ್ರವಾಸಿ ಹಡಗಿನ ವೈನ್ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಬಿಳಿ ಕೈಗವಸಿನೊಳಗೆ ಸದಾ ತಣ್ಣಗಿರುವ ತಮ್ಮ ಎರಡೂ ಹಸ್ತಗಳಿಗೆ, ತಮ್ಮ ಎದೆಯ ಮೇಲಿನ ಬೆಳ್ಳಿ ಬಣ್ಣದ ದ್ರಾಕ್ಷಿ ಗೊಂಚಲಿನ ಬಿಲ್ಲೆಗೆ, ಬಾಟಲಿಯ ಬಿರಡೆ ತೆಗೆಯುವಾಗ ಒಂದಿಷ್ಟೂ ಸದ್ದು ಬಾರದಂತೆ ನೋಡಿಕೊಳ್ಳುವ ತಮ್ಮ ಕೈಚಳಕಕ್ಕೆ ನನ್ನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ ಎಂದು ಬರೆಯುವುದು ಪದ್ಧತಿ, ಆದರೆ ಸುಳ್ಳು ಬರೆಯಬಾರದಲ್ಲ.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದ್ದೆ. ಕನಸಿನಲ್ಲಿ ತಮ್ಮ ಹಡಗಿನಲ್ಲಿ ನಾನು ಕೊಂಡ ಬಾಟಲಿ ಬಂತು. ಕುತ್ತಿಗೆಗೆ ನಮ್ಮ ಕೋಣೆಯ ಸಂಖ್ಯೆಯ ಚೀಟಿ ಕಟ್ಟಿಕೊಂಡು ಮೇಜಿನ ಮೇಲೆ ನಿಂತಿತ್ತು. ಯಾರೂ ಮುಟ್ಟದೆ ಅದರೊಳಗಿನ ವೈನ್ ಮೇಲಕ್ಕೆ ಏರಿತು, ಬಾಯಿ ದಾಟಿತು, ಮೇಜಿನಿಂದ ಇಳಿದು ನನ್ನ ಮೊಣಕಾಲಿಗೆ ಬಂತು. ತಾವು ಅದರಲ್ಲಿ ಸೊಂಟದವರೆಗೆ ಮುಳುಗಿ ನಿಂತು, ಇನ್ನು ಸ್ವಲ್ಪ ಬಡಿಸಲೇ ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿದ್ದಿರಿ. ಎಚ್ಚರವಾದಾಗ ಗಿರಾಕಿಯೊಬ್ಬರ ಪ್ಯಾಂಟಿನ ಮೇಲೆ ನನ್ನ ಬೆವರು ಇಳಿದಿತ್ತು. ಆ ಕಲೆಯ ಬಗ್ಗೆ ನಾನು ತಮ್ಮನ್ನು ದೂರುವುದಿಲ್ಲ.

ಈ ಪತ್ರವನ್ನು ಬಹಿರಂಗವಾಗಿ ಬರೆಯುವಷ್ಟು ಓದಿದವನಲ್ಲ ನಾನು. ಆರನೇ ತರಗತಿಯ ನಡುವೆ ಶಾಲೆ ಬಿಟ್ಟು ಕತ್ತರಿ ಹಿಡಿದವನು. ಆದರೆ ಲಕೋಟೆಯಲ್ಲಿಟ್ಟು ಅಂಟಿಸಿ ಕಳಿಸಿದ ನನ್ನ ಎರಡು ಪತ್ರಗಳಿಗೂ ತಮ್ಮ ಕಚೇರಿಯಿಂದ ಒಂದೇ ಅಚ್ಚಿನ ಉತ್ತರ ಬಂತು: ತಮ್ಮ ಬಾಟಲಿಯಲ್ಲಿ ವೈನ್ ಕಡಿಮೆಯಾದದ್ದಕ್ಕೆ ವಿಷಾದಿಸುತ್ತೇವೆ. ಸ್ವಾಮೀ, ನನ್ನ ದೂರು ಕಡಿಮೆಯಾಯಿತು ಎಂದಲ್ಲ, ಹೆಚ್ಚಾಯಿತು ಎಂದು. ಹೆಚ್ಚಾದದ್ದಕ್ಕೆ ತಮ್ಮಲ್ಲಿ ಅಚ್ಚಿನ ಪತ್ರ ಇಲ್ಲದಿದ್ದರೆ ಇದನ್ನೇ ನೋಡಿ ಒಂದು ಮಾಡಿಸಿಕೊಳ್ಳಬಹುದು.

ಮೊದಲಿನಿಂದ ಹೇಳುತ್ತೇನೆ. ತಮ್ಮ ಊಟದ ಸಭಾಂಗಣದ ಪಕ್ಕದ ಗಾಜಿನ ಕೋಣೆಯಲ್ಲಿ ನೆಲದಿಂದ ಚಾವಣಿಯವರೆಗೆ ಬಾಟಲಿಗಳು ಮಲಗಿರುವ ಮರದ ಗೂಡುಗಳಿವೆಯಲ್ಲ, ಅವನ್ನು ಮಾಡಿದವನು ನಮ್ಮಣ್ಣ. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಬಡಗಿಯಾಗಿದ್ದವನು. ಹತ್ತು ವರ್ಷದ ಹಿಂದೆ ಆ ಗೂಡುಗಳನ್ನು ಕೊರೆಯುವಾಗ ಮೂರನೇ ಸಾಲಿನ ಏಳನೇ ಗೂಡಿನಲ್ಲಿ ಮರದ ಗಂಟೊಂದು ಅಡ್ಡ ಬಂದು, ಯಂತ್ರದ ಬಾಯಿ ಕೂದಲೆಳೆಯಷ್ಟು ಜಾರಿತಂತೆ. ಮೇಸ್ತ್ರಿ ಬಂದು ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿ, ಇದು ಕೆಟ್ಟಿತು, ಸಮುದ್ರಕ್ಕೆ ಹೋದರೆ ಇದರಲ್ಲಿ ಬಾಟಲಿ ಕುಣಿಯುತ್ತದೆ, ಹಲಗೆ ಬಡಿದು ಮುಚ್ಚಿಬಿಡು ಅಂದರಂತೆ. ಅಣ್ಣ ಮುಚ್ಚಲಿಲ್ಲ. ಎರಡು ದಿನ ಆ ಒಂದು ಗೂಡಿನ ಮುಂದೆ ಕೂತು, ಉಳಿಯಲ್ಲಿ ಕೆರೆದು, ಉಗುರಿನಷ್ಟು ತೆಳುವಾದ ಮರದ ಚಕ್ಕೆ ಕೂರಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಸರಿ ಮಾಡಿದ. ಮೇಸ್ತ್ರಿ ಕೊನೆಗೆ ಒಂದೇ ಮಾತು ಹೇಳಿ ಹೋದರಂತೆ: "ನಂಗೂ ಬೇಡ ನಿಂಗೂ ಬೇಡ, ಸಮುದ್ರನೇ ಹೇಳ್ಲಿ ಬಿಡು."

ಹಡಗು ಹೋಯಿತು. ಸಮುದ್ರ ಏನು ಹೇಳಿತೋ ಅಣ್ಣನಿಗೆ ತಿಳಿಯಲಿಲ್ಲ. ಈ ಕಥೆಯನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಕೇಳಿದ್ದೇವೆಂದರೆ, ಅದು ಶುರುವಾದ ಕೂಡಲೇ ನಮ್ಮ ಕಿವಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಮುಂದೆ ನಡೆದ ಅನಾಹುತಕ್ಕೆ ನನ್ನ ಕಿವಿಯ ಈ ಅಭ್ಯಾಸವೂ ಕಾರಣ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅಣ್ಣ ನಿವೃತ್ತನಾದಾಗ ಕಾರ್ಖಾನೆಯವರು ಅದೇ ಹಡಗಿನಲ್ಲಿ ಇಬ್ಬರು ಏಳು ದಿನ ಸುತ್ತಿ ಬರುವ ಟಿಕೆಟ್ ಕೊಟ್ಟರು. ಅಷ್ಟರಲ್ಲಿ ಅವನ ಮೊಣಕಾಲಿಗೆ ಆಪರೇಷನ್ ಆಯಿತು. ಅತ್ತಿಗೆಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಇವರು ಮಾಡಿದ ಮಂಚದ ಮೇಲೆ ಮೂವತ್ತು ವರ್ಷ ಕಿರಗುಟ್ಟಿಸಿಕೊಂಡು ಮಲಗಿದ್ದೇನೆ, ನೀರಿನ ಮೇಲೆ ಬೇರೆ ಇವರ ಕೆಲಸವನ್ನು ನಂಬಬೇಕೇ ಎಂದು ಟಿಕೆಟ್ಟನ್ನು ನನ್ನ ಹೆಂಡತಿಯ ಕೈಗಿಟ್ಟರು. ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟೇ: "ಮೂರನೇ ಸಾಲು, ಏಳನೇ ಗೂಡು. ಅದ್ರಲ್ಲಿರೋ ಬಾಟ್ಲಿನೇ ತಗೋ. ನೀವಿಬ್ರು ಅರ್ಧ ಕುಡೀರಿ, ಇನ್ನರ್ಧ ನಂಗೆ ತಾ."

ನಮ್ಮ ಮನೆಯಲ್ಲಿ ಯಾರೂ ಕುಡಿಯುವವರಲ್ಲ. ಆದರೂ ಅಣ್ಣನ ಮಾತು. ಹಡಗು ಹತ್ತಿದ ದಿನವೇ, ಜೀವರಕ್ಷಕ ಅಂಗಿಗಳನ್ನು ಎರಡು ಸಲ ಎಣಿಸಿ, ನಮ್ಮಿಬ್ಬರದಕ್ಕೆ ಗುಂಡಿಗಳು ಭದ್ರವಿವೆಯೇ ಎಂದು ಎಳೆದು ನೋಡಿ, ಊಟಕ್ಕೆ ಬಂದು ಕೂತೆ. ತಾವು ದಪ್ಪ ಪುಸ್ತಕವೊಂದನ್ನು ತಂದು ಕೈಗಿತ್ತಿರಿ. ಅದರಲ್ಲಿ ಒಂದು ವೈನಿಗೆ ಒದ್ದೆ ಕಲ್ಲಿನ ರುಚಿ ಎಂದು ಬರೆದಿತ್ತು, ಇನ್ನೊಂದಕ್ಕೆ ಹಳೆಯ ಚರ್ಮ ಮತ್ತು ಹೊಗೆಯ ಪರಿಮಳ. ಯಾರೋ ಆಗದವರು ತಮ್ಮ ಪುಸ್ತಕದಲ್ಲಿ ತಮ್ಮ ಮಾಲನ್ನೇ ಬೈದು ಬರೆದಿದ್ದಾರೆಂದು ನನಗೆ ಗಾಬರಿಯಾಯಿತು. ಹೇಳಿದರೆ ತಮಗೆ ನೋವಾದೀತೆಂದು ಪುಸ್ತಕ ಮುಚ್ಚಿ, ಮೂರನೇ ಸಾಲು, ಏಳನೇ ಗೂಡು ಎಂದೆ.

ಆಗ ತಮ್ಮ ಮುಖದಲ್ಲಿ ಮೂಡಿದ ಗೌರವವನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ವೈನನ್ನು ಹೆಸರಿನಿಂದಲ್ಲ, ಅದು ಮಲಗಿದ ಜಾಗದಿಂದ ಕೇಳುವ ಗಿರಾಕಿಯನ್ನು ತಾವು ಕಂಡಿರಲಿಲ್ಲವೆಂದು ಕಾಣುತ್ತದೆ. ತಾವು ಸೊಂಟದವರೆಗೆ ಬಾಗಿದಿರಿ. ಪಕ್ಕದ ಮೇಜಿನ ಹಲ್ಲಿನ ಡಾಕ್ಟರು ತಿನ್ನುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು, ಮರುದಿನ ಗಂಟಲು ಸರಿಮಾಡಿಕೊಂಡು ನಾಲ್ಕನೇ ಸಾಲಿನ ಎರಡನೇ ಗೂಡು ಎಂದು ತರಿಸಿಕೊಂಡರು. ಮೂರನೆಯ ದಿನಕ್ಕೆ ಇಡೀ ಸಭಾಂಗಣ ಗೂಡುಗಳ ಲೆಕ್ಕದಲ್ಲಿ ಕುಡಿಯುತ್ತಿತ್ತು. ತಮ್ಮ ಪುಸ್ತಕವನ್ನು ಯಾರೂ ತೆರೆಯಲಿಲ್ಲ. ಇದರಿಂದ ತಮ್ಮ ವ್ಯಾಪಾರ ಕುದುರಿದ್ದರೆ ಅದರ ಪುಣ್ಯ ನಮ್ಮಣ್ಣನಿಗೆ ಸೇರಬೇಕು.

ತಾವು ಗಾಜಿನ ಕೋಣೆಯ ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬರುವಂತೆ ಬಾಟಲಿ ತಂದಿರಿ. ನನ್ನ ಲೋಟಕ್ಕೆ ಒಂದು ಗುಟುಕು ಮಾತ್ರ ಸುರಿದು ಕಾದು ನಿಂತಿರಿ. ಅದು ರುಚಿ ನೋಡಿ ಒಪ್ಪಿಗೆ ಹೇಳುವ ಕ್ರಮವೆಂದು ನನಗೇನು ಗೊತ್ತು, ಒಬ್ಬರಿಗೆ ಇಷ್ಟೇ ಎಂದುಕೊಂಡು ಸಾಕು ಸಾಕು ಎಂದು ಲೋಟದ ಮೇಲೆ ಕೈ ಅಡ್ಡ ಹಿಡಿದೆ. ಎಂಥ ಸಂಯಮ ಎಂದು ಡಾಕ್ಟರು ತಮ್ಮ ಹೆಂಡತಿಗೆ ಹೇಳಿದ್ದು ನನಗೆ ಕೇಳಿಸಿತು.

ಉಳಿದ ಬಾಟಲಿಗೆ ಕೋಣೆಯ ಸಂಖ್ಯೆಯ ಚೀಟಿ ಕಟ್ಟಿ ತಾವೇ ಇಟ್ಟುಕೊಂಡು, ಮರುದಿನದ ಊಟಕ್ಕೆ ತಂದುಕೊಡುವ ತಮ್ಮ ಪದ್ಧತಿಯನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ನಾನು ಹೆದರುವ ಸ್ವಭಾವದವನು. ನನ್ನ ಹೆಂಡತಿ ತನ್ನ ಚೀಲದಿಂದ ಕೆಂಪು ದಾರ ತೆಗೆದು, ಬಾಟಲಿಯನ್ನು ಬೆಳಕಿಗೆ ಹಿಡಿದು, ವೈನ್ ಎಷ್ಟರ ಮಟ್ಟಕ್ಕಿದೆಯೋ ಅಲ್ಲಿಗೆ ಸರಿಯಾಗಿ ಸುತ್ತಿ ಗಂಟು ಹಾಕಿದಳು. ದಿನಾ ಊಟಕ್ಕೆ ಇಬ್ಬರೂ ಕೆಮ್ಮಿನ ಔಷಧಿಯಂತೆ ಮುಖ ಕಿವುಚಿಕೊಂಡು ಕುಡಿಯುವುದು, ಮಟ್ಟ ಇಳಿದಷ್ಟು ದಾರವನ್ನು ಇಳಿಸುವುದು. ಎರಡನೇ ದಿನ ಸರಿಯಿತ್ತು. ಮೂರನೇ ದಿನ ಸರಿಯಿತ್ತು. ನಾಲ್ಕನೇ ದಿನ ವೈನ್ ದಾರಕ್ಕಿಂತ ಮೂರು ಬೆರಳು ಮೇಲಿತ್ತು.

ಮಾನ್ಯರೇ, ಕಳವಾದರೆ ಮನುಷ್ಯನಿಗೆ ಏನು ಮಾಡಬೇಕೆಂದು ತಿಳಿದಿರುತ್ತದೆ, ಬೊಬ್ಬೆ ಹಾಕುತ್ತಾನೆ. ಇದ್ದದ್ದು ಹೆಚ್ಚಾದರೆ ಯಾರ ಹತ್ತಿರ ಹೋಗಬೇಕು? ನಾನು ದಾರವನ್ನು ನೋಡಿದೆ. ಅದೇ ದಾರ, ಅದೇ ಚೀಟಿ, ಆದರೆ ಗಂಟು ನಮ್ಮದಲ್ಲ. ನನ್ನ ಹೆಂಡತಿ ಗಂಟು ಹಾಕಿದರೆ ಬಾಲ ಒಳಗೆ ಅಡಗಿರುತ್ತದೆ, ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಇದು ಉಡುಗೊರೆಯ ಡಬ್ಬಿಗೆ ಕಟ್ಟುವಂಥ ಚೆಂದದ ಹೂವಿನ ಗಂಟು. ಚೆಂದದ ಗಂಟನ್ನು ದರ್ಜಿಯವನು ನಂಬುವುದಿಲ್ಲ, ಅದು ಬಿಚ್ಚಿಹೋಗುವ ಗಂಟು.

ತಾವು ಮೊದಲು ನಕ್ಕಿರಿ, ಆಮೇಲೆ ಕೆಮ್ಮಿದಿರಿ, ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ನಿಜ ಹೇಳಿದಿರಿ. ತೆರೆದ ವೈನ್ ಹುಳಿಯಾಗಿತ್ತು. ಹುಳಿಯಾದದ್ದನ್ನು ಗಿರಾಕಿಯ ಮುಂದಿಟ್ಟರೆ ಹಡಗಿನ ಮರ್ಯಾದೆ ಏನಾಗಬೇಕು, ಅದರಲ್ಲೂ ಇಂಥ ಜ್ಞಾನಿಯ ಮುಂದೆ? ಆದ್ದರಿಂದ ಕೆಳಗಿನ ಉಗ್ರಾಣದ ಪೆಟ್ಟಿಗೆಯಿಂದ ಅದೇ ಹೆಸರಿನ ಹೊಸ ಬಾಟಲಿ ತೆಗೆದು, ನಮ್ಮ ಚೀಟಿಯನ್ನೂ ದಾರವನ್ನೂ ಅದಕ್ಕೆ ಕಟ್ಟಿದಿರಿ. ಹಳೆಯದರಲ್ಲಿ ಇದ್ದದ್ದನ್ನು ಅಡುಗೆಯವರು ಅಂದಿನ ಸಾರಿಗೆ ಸುರಿದುಬಿಟ್ಟಿದ್ದರು. ಎಂದರೆ ಅಣ್ಣನ ಪಾಲನ್ನು ಇಡೀ ಹಡಗು ತಿಂದಿತ್ತು. ಡಾಕ್ಟರು ಎರಡು ಸಲ ಬಡಿಸಿಕೊಂಡಿದ್ದರು.

ತಾವು ಮಾಡಿದ್ದು ಉಪಕಾರವೇ. ಯಾವ ಅಂಗಡಿಯವನು ಹಳೆಯದನ್ನು ತೆಗೆದುಕೊಂಡು ಬಾಯಿಬಿಡದೆ ಹೊಸದು ಕೊಡುತ್ತಾನೆ? ನಾನೇ ಗಿರಾಕಿಗಳಿಗೆ ಹಾಗೆ ಮಾಡುವುದಿಲ್ಲ. ಆದರೆ ಅಣ್ಣ ಕೇಳಿದ್ದು ಒಳ್ಳೆಯ ವೈನನ್ನಲ್ಲ, ತನ್ನ ಗೂಡಿನಲ್ಲಿ ಮಲಗಿದ್ದನ್ನು. ಉಳಿದ ದಿನಗಳಲ್ಲಿ ನಾನು ತಮ್ಮ ಗಾಜಿನ ಗೋಡೆಗೆ ಮೂಗು ಒತ್ತಿ ನಿಂತದ್ದು ಅದಕ್ಕೇ. ಒಳಗೆ ದೀಪ ಮಂದವಾಗಿದ್ದರಿಂದ ನನ್ನ ಮೂಗು ಬಿಟ್ಟು ಬೇರೇನೂ ಕಾಣಲಿಲ್ಲ. ಒಳಗೆ ಬಿಡಿ ಎಂದರೆ, ಮನುಷ್ಯರ ಉಸಿರಿನಿಂದ ಬಾಟಲಿಗಳಿಗೆ ಸೆಕೆಯಾಗುತ್ತದೆ ಎಂದಿರಿ. ಕೊನೆಯ ಬೆಳಿಗ್ಗೆ, ಪಾಪ, ಅಡುಗೆಮನೆಯಿಂದ ಆ ಹಳೆಯ ಖಾಲಿ ಬಾಟಲಿಯನ್ನು ಹುಡುಕಿ ತಂದು, ತೊಳೆಯದೆ, ಹೊಸದರ ಜೊತೆಗೆ ಕಾಗದದಲ್ಲಿ ಸುತ್ತಿಕೊಟ್ಟಿರಿ. ನನ್ನ ಹೆಂಡತಿಗೆ ಕಣ್ಣು ತುಂಬಿತು. ನನಗೆ ಕಾಗದ ಹರಿದೀತೆಂಬ ಚಿಂತೆ ಹತ್ತಿತು.

ಈಗ ದೂರಿನ ನಿಜವಾದ ಭಾಗ. ಮನೆಗೆ ಬಂದು ಎರಡೂ ಬಾಟಲಿಗಳನ್ನು ಅಣ್ಣನ ಮುಂದಿಟ್ಟು, ಹುಳಿಯಾದದ್ದು, ಗಂಟು, ಸಾರು ಎಲ್ಲ ವಿವರಿಸಿದೆ. ಅವನು ತುಂಬಿದ ಬಾಟಲಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಕನ್ನಡಕ ಹಾಕಿಕೊಂಡು ಖಾಲಿಯದನ್ನು ಎತ್ತಿ, ಲೇಬಲ್ಲಿನ ಮೇಲೆ ಹೆಬ್ಬೆರಳು ಆಡಿಸುತ್ತ ಕೇಳಿದ: "ಕುಡಿಯೋದು ಬಿಡೋ. ಗೂಡಲ್ಲಿ ಅಲ್ಲಾಡ್ತಿತ್ತಾ, ಅದನ್ನ ಹೇಳು."

ಏಳು ದಿನದಲ್ಲಿ ತಮಗೆ ನಾನು ಕೇಳದ ಪ್ರಶ್ನೆಯಿಲ್ಲ. ಹಡಗಿಗೆ ಎಷ್ಟು ಲಂಗರು, ತಮಗೆ ಈಜು ಬರುತ್ತದೆಯೇ, ಬಿರಡೆ ಒಣಗಿದರೆ ಏನಾಗುತ್ತದೆ, ಎಲ್ಲ ಕೇಳಿದೆ. ಇದೊಂದನ್ನು ಕೇಳಲಿಲ್ಲ. ಅಷ್ಟರಲ್ಲಿ ಅಣ್ಣನ ಹೆಬ್ಬೆರಳು ಲೇಬಲ್ಲಿನ ಅಂಚಿನಲ್ಲಿ ನಿಂತಿತು. ಅಲ್ಲಿ ಕಡ್ಲೆಬೇಳೆಯಷ್ಟು ಅಗಲ ಕಾಗದ ಸವೆದುಹೋಗಿತ್ತು, ಮರಕ್ಕೆ ಉಜ್ಜಿ ಉಜ್ಜಿ ಸವೆದ ಹಾಗೆ. ಮೇಸ್ತ್ರಿ ಹೇಳಿದ್ದೇ ಸರಿ ಬಿಡು ಎಂದು ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಕನ್ನಡಕ ತೆಗೆದ. ಆಮೇಲೆ ಮೂರು ದಿನ ಅವನು ಗೂಡಿನ ಕಥೆಯನ್ನು ಹೇಳಲಿಲ್ಲ. ಹತ್ತು ವರ್ಷ ಮುಚ್ಚಿಕೊಂಡಿದ್ದ ನಮ್ಮ ಕಿವಿಗಳಿಗೆ ಅದು ಎಷ್ಟು ದೊಡ್ಡ ಸದ್ದಾಗಿ ಕೇಳಿಸಿತೆಂದು ತಮಗೆ ಹೇಗೆ ತಿಳಿಸಲಿ.

ಆದ್ದರಿಂದ ನನ್ನ ಕೋರಿಕೆಗಳು ಹೀಗಿವೆ. ಆ ಸಾರನ್ನು ಉಂಡವರೆಲ್ಲರೂ ಅಣ್ಣನಿಗೆ ಒಂದೊಂದು ಸಾಲು ಬರೆದು ರುಚಿ ಹೇಗಿತ್ತೆಂದು ತಿಳಿಸುವಂತೆ ಏರ್ಪಾಡು ಮಾಡಬೇಕು, ಡಾಕ್ಟರು ಎರಡು ಸಾಲು ಬರೆಯಲಿ. ಮುಂದಿನ ಪ್ರಯಾಣದಲ್ಲಿ ಕ್ಯಾಪ್ಟನ್ ಸಾಹೇಬರ ಕೈಕಾಲು ಹಿಡಿದಾದರೂ ಹಡಗನ್ನು ಅರ್ಧ ಗಂಟೆಯ ಮಟ್ಟಿಗೆ ಒಂದು ಒಳ್ಳೆಯ ಬಿರುಗಾಳಿಯೊಳಗೆ ನಡೆಸಿ, ಆ ಹೊತ್ತಿನಲ್ಲಿ ತಾವು ಕೈಗವಸು ಕಳಚಿ ಬರಿಗೈಯನ್ನು ಆ ಗೂಡಿನ ಮೇಲಿಟ್ಟು ನಿಲ್ಲಬೇಕು. ಪಕ್ಕದಲ್ಲಿ ಮೇಸ್ತ್ರಿಯವರೂ ನಿಂತಿದ್ದರೆ ಉತ್ತಮ, ಅವರಿಗೆ ವಾಂತಿಯಾದರೆ ನಮ್ಮ ತಕರಾರಿಲ್ಲ.

ಇಷ್ಟೆಲ್ಲ ಆಗದಿದ್ದರೆ ಇನ್ನೊಂದು ಚಿಕ್ಕ ದಾರಿಯಿದೆ. ಅದನ್ನು ತೋರಿಸಿದವರು ಅತ್ತಿಗೆ. ನಾಲ್ಕನೇ ದಿನ ಕಿಟಕಿ ಒರೆಸುತ್ತ, ಖಾಲಿ ಬಾಟಲಿಯನ್ನು ಎತ್ತಿ ಪಕ್ಕಕ್ಕಿಡುತ್ತ, ಯಾರ ಮುಖವನ್ನೂ ನೋಡದೆ ಅಂದರು: "ಇವರಾದ್ರೆ ಮಂಚ ಆಗ್ಲಿ ಬೀರು ಆಗ್ಲಿ ನೆಲದಿಂದ ಮೇಲಕ್ಕೆ ಎಣಿಸ್ತಾರೆ. ಆ ಗ್ಲೌಸಿನವ್ರು ಎಲ್ಲಿಂದ ಎಣಿಸಿದ್ರಂತೆ?"

ಅಣ್ಣ ಆಪರೇಷನ್ ಆದ ಕಾಲನ್ನೂ ಮರೆತು ಎದ್ದು ನಿಂತ. ಬಡಗಿ ಕೆಳಗಿನಿಂದ ಕಟ್ಟುತ್ತಾನೆ, ಅವನಿಗೆ ನೆಲದ ಪಕ್ಕದ್ದೇ ಮೊದಲನೇ ಸಾಲು. ನಿಂತು ಬಡಿಸುವವರ ಕಣ್ಣು ಮೇಲಿನಿಂದ ಇಳಿಯುತ್ತದೆ. ತಾವು ಮೇಲಿನಿಂದ ಎಣಿಸಿದ್ದರೆ ನಾನು ಕೊಂಡದ್ದು ಇನ್ನಾವುದೋ ಗೂಡಿನ ಬಾಟಲಿ, ಸವೆದದ್ದು ಇನ್ನಾರದೋ ಲೇಬಲ್ಲು. ಆಗ ಅಣ್ಣನ ಏಳನೇ ಗೂಡು ಇನ್ನೂ ಪರೀಕ್ಷೆಗೇ ಕೂತಿಲ್ಲ. ಈ ಪತ್ರ ಬರೆಯುವಾಗ ಅವನು ನನ್ನ ಬೆನ್ನ ಹಿಂದೆಯೇ ನಿಂತು, ಅಕ್ಷರ ದಪ್ಪಗೆ ಬರೆ ಎನ್ನುತ್ತಿದ್ದಾನೆ. ಅತ್ತಿಗೆ ಆ ಕಡೆ ತಿರುಗಿ ನಗುತ್ತಿದ್ದಾರೆ.

ತಮ್ಮ ಗಂಟುಗಳಲ್ಲಿ ವಿಶ್ವಾಸ ಕಳೆದುಕೊಂಡರೂ ತಮ್ಮಲ್ಲಿ ಇಟ್ಟುಕೊಂಡೇ ಇರುವ,
ತಮ್ಮ ವಿಶ್ವಾಸಿ,
ಸಂಯಮಿಯೆಂದು ಹಡಗಿನಲ್ಲಿ ಹೆಸರಾದ ದರ್ಜಿ

ವಿ.ಸೂ.: ತುಂಬಿದ ಬಾಟಲಿಯನ್ನು ಇನ್ನೂ ತೆರೆದಿಲ್ಲ. ಒಳ್ಳೆಯ ಸುದ್ದಿ ಬಂದರೆ ತೆರೆಯುತ್ತೇವೆ, ಇಲ್ಲದಿದ್ದರೆ ತಮ್ಮ ಅಡುಗೆಮನೆಯ ದಾರಿಯನ್ನೇ ಹಿಡಿದು ಸಾರಿಗೆ ಹಾಕುತ್ತೇವೆ. ಆದ್ದರಿಂದ ಅಚ್ಚಿನ ವಿಷಾದ ಬೇಡ, ಕೈಬರಹದ ಒಂದೇ ಸಾಲು ಸಾಕು: ಆ ದಿನ ತಾವು ಎಣಿಸಿದ್ದು ಮೇಲಿನಿಂದಲೋ, ಕೆಳಗಿನಿಂದಲೋ? ಮೇಲಿನಿಂದ ಎಂದು ನೆನಪಿದ್ದರೆ ಕೂಡಲೇ ಬರೆಯಿರಿ. ಕೆಳಗಿನಿಂದ ಎಂದು ನೆನಪಿದ್ದರೆ ಮಾತ್ರ, ಬರೆಯುವ ಮೊದಲು ಗಾಜಿನ ಕೋಣೆಯೊಳಗೆ ಹೋಗಿ, ನೆಲಕ್ಕೆ ಮೊಣಕಾಲೂರಿ, ದಯವಿಟ್ಟು ಇನ್ನೊಂದು ಸಲ ಎಣಿಸಿ ನೋಡಿ.