ಯೇಸಮ್ಮಜ್ಜಿಯ ಉಳಿದ ಮಾತು

ದೀನತೆಯ ಬಗ್ಗೆ ಮಾತಾಡುವುದೆಂದರೆ ನನಗೆ ಬಲು ಸಲೀಸು. ಸಿರುಗುಪ್ಪದ ನಮ್ಮ ಪುಟ್ಟ ಚರ್ಚಿಗೆ ಪಾಸ್ಟರಾಗಿ ಬಂದು ಹನ್ನೊಂದು ವರ್ಷವಾಯಿತು. ನಾಯಕನಾದವನು ಎಲ್ಲರಿಗಿಂತ ಕೆಳಗೆ ಕೂರಬೇಕೆಂದು ಎಲ್ಲರಿಗಿಂತ ಎತ್ತರದಲ್ಲಿ ನಿಂತು ಹೇಳುತ್ತಲೇ ಬಂದಿದ್ದೇನೆ. ಕೇಳಿದವರು ತಲೆದೂಗುತ್ತಾರೆ. ಅದನ್ನು ನೋಡಿ ಮನಸ್ಸು ಉಬ್ಬುತ್ತದೆ. ಉಬ್ಬಿದ ಮನಸ್ಸಿನಿಂದಲೇ ಮನೆಗೆ ಹೋಗಿ, ಅನ್ನ ತಣ್ಣಗಾಗಿದೆ ಎಂದು ಹೆಂಡತಿಯ ಮೇಲೆ ಹರಿಹಾಯುತ್ತೇನೆ.

ಈಚೆಗೆ ಒಂದು ಭಾನುವಾರ ಬಳ್ಳಾರಿಯಿಂದ ನಮ್ಮ ಮೇಲಿನವರು, ಎಂದರೆ ಈ ಭಾಗದ ಚರ್ಚುಗಳನ್ನೆಲ್ಲ ನೋಡಿಕೊಳ್ಳುವ ಹಿರಿಯ ಪಾಸ್ಟರು, ಬಂದಿದ್ದರು. ಒಂದು ಗಂಟೆಗೆ ಅವರನ್ನು ಊಟಕ್ಕೆ ಕೂರಿಸಬೇಕು. ಹನ್ನೆರಡೂವರೆಗೆ ಹತ್ತಿರದ ಹಳ್ಳಿ ರಾರಾವಿಯ ಯೇಸಮ್ಮಜ್ಜಿ ಸಾಕ್ಷಿ ಹೇಳಲು ಎದ್ದು ನಿಂತಳು. ದೇವರು ತನಗೆ ಮಾಡಿದ ಉಪಕಾರವನ್ನು ನಾಲ್ಕು ಮಾತಿನಲ್ಲಿ ಹೇಳಿ ಕೂರುವುದು ಪದ್ಧತಿ. ಅಜ್ಜಿ ತನ್ನ ಮದುವೆಯಿಂದ ಶುರುಮಾಡಿದಳು. ಹಿರಿಯರು ಒಮ್ಮೆ ವಾಚು ನೋಡಿಕೊಂಡರು. ನನಗೆ ಬೆವರು ಬಂತು. "ಸಾಕು ಕುಂದ್ರವ್ವ. ಊಟಕ್ಕ ಹೊತ್ತಾತು, ಉಳಿದದ್ದು ದೇವರಿಗೆ ಗೊತ್ತೈತಿ" ಎಂದುಬಿಟ್ಟೆ. ಸಭೆ ಗೊಳ್ಳೆಂದು ನಕ್ಕಿತು. ಅಜ್ಜಿ ಕೂತಳು. ಅಂದು ನಾನು ಬೋಧಿಸಿದ ವಿಷಯವೂ ದೀನತೆಯೇ.

ಮುಂದಿನ ಭಾನುವಾರ ಅಜ್ಜಿಯ ಜಾಗ ಖಾಲಿ. ಅದರ ಮುಂದಿನ ವಾರವೂ ಖಾಲಿ. ನನಗೆ ಊಟ ಸೇರದಾಯಿತು. ಕುರುಗೋಡಿನಲ್ಲಿ ಹೊಸದಾಗಿ ಒಂದು ಪ್ರಾರ್ಥನಾ ಕೂಟ ಶುರುವಾಗಿದೆ, ಅಲ್ಲಿ ಯಾರು ಎಷ್ಟು ಹೊತ್ತಾದರೂ ಮಾತಾಡಬಹುದಂತೆ. ಅಜ್ಜಿ ಅತ್ತ ಹೋದಳೋ? ನನ್ನ ದೆಸೆಯಿಂದ ದೇವರ ಮೇಲೇ ಬೇಸರವಾಯಿತೋ? "ಹೋಗಿ ತಪ್ಪಾತು ಅಂತ ಹೇಳಿ ಬರ್ರಿ. ಒಂದು ಮಾತಿಗೆ ಇಷ್ಟ್ಯಾಕ ಒದ್ದಾಡ್ತೀರಿ" ಎಂದಳು ಹೆಂಡತಿ. ಒಂದೇ ಮಾತು ನಿಜ, ಆದರೆ ಅದನ್ನು ಯಾರಿಗೂ ಹೇಳಿ ನನಗೆ ರೂಢಿಯಿರಲಿಲ್ಲ. ರಾರಾವಿಯ ಬಸ್ಸಿನಲ್ಲಿ ತುಟಿ ಅಲುಗಿಸುತ್ತ ಕಲಿತುಕೊಂಡೆ. ಪಕ್ಕದವನು ಏನೋ ಮಂತ್ರವೆಂದು ತಿಳಿದು ಸರಿದು ಕೂತ.

ಅಜ್ಜಿ ಅಂಗಳದಲ್ಲಿ ಎಮ್ಮೆಯ ಕರುವಿನ ಮೈ ಒರೆಸುತ್ತಿದ್ದಳು. "ಬರ್ರಿ ಅಯ್ಯಗಾರ್ರೀ. ಎಮ್ಮಿ ಈದೈತಿ, ಕರಾ ಇನ್ನೂ ನೆಟ್ಟಗ ನಿಲ್ಲವಲ್ದು. ಬಿಟ್ಟು ಚರ್ಚಿಗೆ ಹೆಂಗ ಬರ್ಲಿ?"

"ಮತ್ತ ಅವತ್ತಿನ ಸಿಟ್ಟು?" ಎಂದೆ, ಹತ್ತಿರ ಹೋಗಿ.

"ಯಾವ ಸಿಟ್ರಿ? ನನ್ನ ಕಿವಿ ಮಂದ. ನೀವು ಊಟ ಅಂದದ್ದಷ್ಟ ಕೇಳಿಸ್ತು. ಎಲ್ಲಾರೂ ಖುಷಿಯಾಗಿ ನಕ್ರು, ನಾನೂ ಕುಂತೆ."

ಬದುಕಿದೆ ಎಂದುಕೊಂಡೆ. ಚಹಾ ಕುಡಿದು ಎದ್ದು ಬಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಒಳಗೆ ಚುಚ್ಚುತ್ತಿತ್ತು. ಬಸ್ಸಿನಲ್ಲಿ ಅಷ್ಟು ಚೆನ್ನಾಗಿ ಕಲಿತ ಮಾತು ವ್ಯರ್ಥವಾಗುವುದೂ ಬೇಡವೆನಿಸಿತು. ನೆಲಕ್ಕೆ ಕೂತು, ಅವಳ ಕಿವಿಯ ಬಳಿ ಬಾಗಿ, ನಾನಂದದ್ದನ್ನು ಜೋರಾಗಿ ಒಪ್ಪಿಸಿದೆ. ಅಜ್ಜಿಯ ಮುಖ ಸಣ್ಣದಾಯಿತು.

"ಅಂದ್ರ ಮಂದಿ ನಕ್ಕಿದ್ದು ನನಗೇನ್ರಿ?"

"ಹೌದವ್ವ. ನಗಿಸಿದವ ನಾನು. ತಪ್ಪಾತು."

ಅವಳು ಮತ್ತೆ ಕರುವಿನ ಬೆನ್ನು ಒರೆಸತೊಡಗಿದಳು. ನನ್ನ ಎದೆ ಹಗುರಾಗಲೆಂದು ಆಕೆಯ ಎದೆಗೆ ಭಾರ ಹೊರಿಸಿದೆನೇ ಎಂದು ದಿಗಿಲಾಯಿತು. ಕೊನೆಗೆ, "ಆತು ಬಿಡ್ರಿ. ಉಳಿದದ್ದು ಈಗ ಹೇಳ್ತೀನಿ, ಕುಂದ್ರಿ" ಎಂದಳು.

ಒಂದೂವರೆ ತಾಸು ಹೇಳಿದಳು. ನಾನು ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಹೊರಡುವಾಗ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದವಳೂ ಅವಳೇ. ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ಬಣ್ಣಿಸಿದೆ: ನೆಲದ ಮೇಲೆ ಹೇಗೆ ಕೂತೆ, ಹೇಗೆ ಬಾಗಿದೆ, ದನಿ ಹೇಗೆ ನಡುಗಿತು. ಅವಳು ಪೂರ್ತಿ ಕೇಳಿ, "ಚಲೋ ಆತು. ಅಜ್ಜಿ ಏನ್ ಹೇಳಿದ್ಳು?" ಎಂದಳು.

ಅಜ್ಜಿ ಹೇಳಿದ ಒಂದು ಮಾತೂ ನನ್ನ ತಲೆಯಲ್ಲಿರಲಿಲ್ಲ. ಆ ಒಂದೂವರೆ ತಾಸೂ ನಾನು, ಹೀಗೆ ತಗ್ಗಿ ನಡೆದದ್ದನ್ನು ಬರುವ ಭಾನುವಾರ ಸಭೆಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸುತ್ತ ಕೂತಿದ್ದೆ.

ಮರುದಿನ ಬೆಳಿಗ್ಗೆ ಮತ್ತೆ ರಾರಾವಿ ಬಸ್ಸು ಹತ್ತಿದೆ. ಅಜ್ಜಿಯ ಮಾತು ಕೇಳಿಸಿಕೊಳ್ಳದ್ದಕ್ಕೆ ಈ ಸಲ ಕ್ಷಮೆ ಕೇಳುವುದು ಹೋದ ಸಲಕ್ಕಿಂತ ಚೆನ್ನಾಗಿ ಬರುತ್ತದೆ ಎನಿಸಿತು. ಹಾಗೆನಿಸಿದ್ದಕ್ಕೇ ಹೆದರಿಕೆಯಾಯಿತು.