ಮನೆಯ ಸೌತೆಕಾಯಿಯೂ ಪೇಟೆಯ ಯಂತ್ರವೂ

ಶರಧಿ, ಪ್ರಮಥ, ಇತ್ತೀಚೆಗೆ ನಿಮ್ಮ ಮನೆಯಲ್ಲಿ ನನ್ನ ಬಗ್ಗೆ ಒಂದು ತಪ್ಪು ಅಭಿಪ್ರಾಯ ಹಬ್ಬಿದೆ. ಅರಂತೋಡಜ್ಜಿಗೆ ಭಾರೀ ಧೈರ್ಯ ಎಂದು ನೀವಿಬ್ಬರೂ ಮಾತಾಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಎದುರು ಕೂತು ಅಲ್ಲ ಎನ್ನಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ. ನಾನು ಎಂಥ ಧೈರ್ಯದವಳು ಎಂದರೆ, ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆಯುವಾಗ ನಾನು "ಬಂದಿದ್ದೇನೆ ಸರ್" ಎಂದದ್ದು ನನಗೇ ಕೇಳಿಸುತ್ತಿರಲಿಲ್ಲ. ಎದುರಿನ ಸಾಲಿನಲ್ಲಿ ಕೂತುಕೊಂಡೇ ಎಷ್ಟೋ ದಿನ ಗೈರುಹಾಜರಾಗಿದ್ದೇನೆ.

ಅಂಗಡಿಗೆ ಹೋಗುವುದೆಂದರೆ ನನಗೆ ಹಾಜರಿ ಹೇಳಿದ ಹಾಗೆಯೇ. ನಮ್ಮಲ್ಲಿ ಪೂವಪ್ಪಣ್ಣನ ಅಂಗಡಿ ಉಂಟಲ್ಲ, ಈಗ ಅವನ ಮಗ ಕೂತುಕೊಳ್ಳುತ್ತಾನೆ. ಅದರ ಜಗಲಿಯಲ್ಲಿ ಒಂದು ಕಂಬ ಇತ್ತು. ನಾನು ಹೋಗಿ ಆ ಕಂಬದ ಪಕ್ಕ ನಿಲ್ಲುತ್ತಿದ್ದೆ. ನನ್ನ ನಂತರ ಬಂದವರು ಬೆಲ್ಲ, ಬೇಳೆ, ಸೀಮೆಎಣ್ಣೆ ಎಲ್ಲ ತೆಗೆದುಕೊಂಡು, ಊರಿನ ಸುದ್ದಿ ಮುಗಿಸಿ, ಮನೆಗೆ ಹೋಗಿ ಒಲೆ ಹಚ್ಚುವ ಹೊತ್ತಿಗೆ ಪೂವಪ್ಪಣ್ಣ ತಲೆಯೆತ್ತಿ, "ಅಕ್ಕ, ನೀವು ಈಗ ಬಂದದ್ದಾ?" ಎನ್ನುತ್ತಿದ್ದ. "ಹೌದು" ಎನ್ನುತ್ತಿದ್ದೆ. ನಿಮ್ಮ ಅಜ್ಜ ಹೇಳುವುದಿತ್ತು: "ಇವಳನ್ನು ಉಪ್ಪು ತರಲಿಕ್ಕೆ ಕಳುಹಿಸಿದರೆ, ಇವಳು ಬರುವ ಮೊದಲು ಸಮುದ್ರವೇ ಒಣಗಿ ಉಪ್ಪಾಗಿ ಬಾಗಿಲಿಗೆ ಬರುತ್ತದೆ." ಆಮೇಲಾಮೇಲೆ ಉಪ್ಪು ತರುವ ಕೆಲಸ ಅವರೇ ಇಟ್ಟುಕೊಂಡರು. ಅವರು ಹೋದ ಮೇಲೆ ನನಗೆ ಅಳು ಬಂದದ್ದು ಯಾವ್ಯಾವಾಗ ಎಂದು ಕೇಳಿದರೆ, ಉಪ್ಪಿನ ಭರಣಿಯ ತಳ ಕಂಡ ದಿನವೂ ಒಂದು ಎನ್ನಬೇಕು.

ಹಾಗಿರುವಾಗ ಪುತ್ತೂರಿನ ಆ ದೊಡ್ಡ ಅಂಗಡಿಯಲ್ಲಿ, ಸಾಮಾನನ್ನು ನಾವೇ ಆರಿಸಿ, ನಾವೇ ಯಂತ್ರಕ್ಕೆ ತೋರಿಸಿ, ನಾವೇ ಹಣ ಕೊಟ್ಟು ಬರಬಹುದು ಎಂದು ನಿಮ್ಮ ಅಮ್ಮ ಹೇಳಿದಾಗ, ಇದು ನನಗೋಸ್ಕರ ಯಾರೋ ಪುಣ್ಯಾತ್ಮರು ಕಂಡುಹಿಡಿದದ್ದು ಎನಿಸಿತು. ಅವಳು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿಯೂ ಕೊಟ್ಟಳು. ಗೆರೆಗೆರೆ ಇರುವ ಬದಿಯನ್ನು ಗಾಜಿಗೆ ತೋರಿಸಬೇಕು, "ಟುಂಯ್" ಎನ್ನುತ್ತದೆ, ಪಕ್ಕದ ತಟ್ಟೆಯ ಮೇಲೆ ಇಡಬೇಕು. ಕೊನೆಗೆ ಫೋನು ಹಿಡಿದು ಹಣ ಕೊಡುವುದು, ಅದು ಈಗ ಮೀನು ತರುವವನಿಗೂ ಹಾಗೆಯೇ ಕೊಡುವುದಲ್ಲವೇ, ನನಗೆ ಗೊತ್ತುಂಟು. "ಯಾರು, ಎಲ್ಲಿಂದ, ಒಬ್ಬರೇ ಬಂದದ್ದಾ?" ಎಂದು ಕೇಳುವವರಿಲ್ಲ. ನನ್ನ ನಂತರ ಬಂದವರು ನನ್ನ ತಲೆಯ ಮೇಲಿಂದ ಕೈ ಚಾಚುವುದಿಲ್ಲ. ಯಂತ್ರದ ಎದುರು ನಿಂತಿರುವಷ್ಟು ಹೊತ್ತು ಅದು ನನ್ನೊಬ್ಬಳದೇ. ಇಷ್ಟು ಮರ್ಯಾದೆ ನನಗೆ ಯಾವ ಕಂಬದ ಬಳಿಯೂ ಸಿಕ್ಕಿರಲಿಲ್ಲ.

ಆದರೆ ಅದು ಮಾತಾಡುತ್ತದೆ. ಅದೊಂದು ಕಷ್ಟ. ಅದೂ ನಮ್ಮ ಮಾತಲ್ಲ. ಮನೆಯಲ್ಲಿ ಅರೆಭಾಷೆ, ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದವಳು ನಾನು. ಆ ಯಂತ್ರದ ಕನ್ನಡ ಈ ಮೂರರಲ್ಲಿ ಯಾವುದರ ನೆಂಟನೂ ಅಲ್ಲ. ಮೊದಲ ಸಲ ನಾನು ಬಿಸ್ಕತ್ತಿನ ಪೊಟ್ಟಣದಲ್ಲಿ ಗೆರೆ ಹುಡುಕುತ್ತಾ ನಿಂತಾಗ ಅದು, "ನೀವು ಇನ್ನೂ ಇದ್ದೀರಾ?" ಎಂದು ಕೇಳಿತು. ಈ ಪ್ರಾಯದ ಹೆಂಗಸಿನ ಹತ್ತಿರ ಕೇಳುವ ಪ್ರಶ್ನೆಯಾ ಅದು? ಆದರೂ ಹಳೆಯ ಅಭ್ಯಾಸ, "ಇದ್ದೇನೆ" ಎಂದೆ. ಅದಕ್ಕೂ ಕೇಳಿಸಲಿಲ್ಲ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಕೆಲವು ತಿಂಗಳ ಹಿಂದೆ ನನ್ನ ಬೀಗಿತ್ತಿ, ನಿಮ್ಮ ಪುತ್ತೂರಜ್ಜಿಗೆ ಮೊಣಗಂಟು ನೋವು ಜಾಸ್ತಿಯಾಗಿದೆ ಎಂದು ತಿಳಿದು ನೋಡಿ ಬರಲು ಹೊರಟೆ. ನೀವು ಶಾಲೆಗೆ ಹೋದ ದಿನ ಅದು. ನಿಮ್ಮ ಪುತ್ತೂರಜ್ಜಿಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಅವರ ಸ್ವರ ರಸ್ತೆಗೆ ಕೇಳಿಸುತ್ತದೆ, ರಸ್ತೆಯ ಸ್ವರವೆಲ್ಲ ಅವರಿಗೆ ಕೇಳಿಸುತ್ತದೆ. ಅವರು ನನ್ನನ್ನು ಯಾವತ್ತೂ ಹೀಯಾಳಿಸಿದವರಲ್ಲ. ಆದರೆ ಮಗಳು ಸೇರಿದ ಮನೆ ನೋಡಿ, ಅಲ್ಲಿಗೆ ಬರಿಗೈಯಲ್ಲಿ ಹೋಗಲಾಗುವುದಿಲ್ಲ. ಬೇಕರಿಯ ತಿಂಡಿ ಮಕ್ಕಳಿಗಾಯಿತು, ಬೀಗಿತ್ತಿಗೆ ಮನೆಯಲ್ಲಿ ಬೆಳೆದದ್ದೇ ಆಗಬೇಕು. ನಮ್ಮ ಅಡುಗೆಮನೆಯ ಮಾಡಿನ ಜಂತಿಗೆ, ಹುಳಿಗೆ ಹಾಕುವ ದಪ್ಪ ಸೌತೆಕಾಯಿಗಳನ್ನು ತಿಂಗಳುಗಟ್ಟಲೆ ಕೆಡದಂತೆ ಬಾಳೆನಾರಿನಲ್ಲಿ ಕಟ್ಟಿ ಸಾಲಾಗಿ ನೇಲಿಸಿಟ್ಟದ್ದು ನೀವು ನೋಡಿದ್ದೀರಿ. ಪ್ರಮಥ ಚಿಕ್ಕವನಿರುವಾಗ ಅದರ ಅಡಿಯಲ್ಲಿ ಮಲಗಲಿಕ್ಕೆ ಹೆದರುತ್ತಿದ್ದ, ತಲೆಗೆ ಬೀಳುತ್ತದೆ ಎಂದು. ಅದರಲ್ಲಿ ಒಳ್ಳೆಯದೊಂದನ್ನು ಇಳಿಸಿ, ಒರೆಸಿ, ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಪುತ್ತೂರಿನಲ್ಲಿ ಇಳಿದು, ನಿಮಗೆ ಬಿಸ್ಕತ್ತು ತೆಗೆದುಕೊಳ್ಳುವ ಎಂದು ಆ ಅಂಗಡಿಗೆ ಹೋದೆ. ಬಾಗಿಲಲ್ಲಿ ಕಾವಲಿನವರು ಚೀಲ ನೋಡಿ, "ಪರವಾಗಿಲ್ಲ ಅಮ್ಮ, ಒಳಗೆ ತಕ್ಕೊಂಡು ಹೋಗಿ" ಎಂದರು. ಚೀಲ ಇಲ್ಲೇ ಇಡುತ್ತೇನೆ ಎನ್ನಬೇಕೆಂದು ಇತ್ತು. ಬಾಯಿ ಬರಲಿಲ್ಲ. ಒಳಗೆ ಹೋದವಳು ಬಿಸ್ಕತ್ತು ತೆಗೆದುಕೊಂಡು ತರಕಾರಿಯ ಬದಿಯಿಂದ ಬರುವಾಗ ಅಲ್ಲೇ ನಿಂತುಬಿಟ್ಟೆ. ಅಲ್ಲಿ ಸೌತೆಕಾಯಿಗಳ ರಾಶಿ. ನನ್ನ ಚೀಲದೊಳಗಿನದ್ದರ ಅಣ್ಣತಮ್ಮಂದಿರ ಹಾಗೆ, ಅದೇ ಬಣ್ಣ, ಅದೇ ಪಟ್ಟೆ, ಅದೇ ಗಾತ್ರ. ಚೀಲವನ್ನು ಕಂಕುಳಿಗೆ ಒತ್ತಿಕೊಂಡು ಬೇಗ ಬೇಗ ನಡೆದೆ. ಈಗ ಯೋಚಿಸಿದರೆ, ನಿಜವಾದ ಕಳ್ಳರೂ ಹಾಗೆ ನಡೆಯಲಿಕ್ಕಿಲ್ಲ.

ಹಣ ತೆಗೆದುಕೊಳ್ಳಲು ಮನುಷ್ಯರು ಕೂತ ಕಡೆ ಉದ್ದ ಸಾಲಿತ್ತು. ಯಂತ್ರದ ಹತ್ತಿರ ಹೋದೆ. ಬಿಸ್ಕತ್ತು ತೋರಿಸಿದೆ, "ಟುಂಯ್" ಎಂದಿತು. "ದಯವಿಟ್ಟು ವಸ್ತುವನ್ನು ಚೀಲದ ಜಾಗದಲ್ಲಿ ಇರಿಸಿ" ಎಂದಿತು. ಚೀಲದ ಜಾಗ ಎಂದ ಮೇಲೆ ಚೀಲ ಇಡುವುದಲ್ಲವೇ? ಬಿಸ್ಕತ್ತನ್ನು ಚೀಲಕ್ಕೆ ಹಾಕಿ, ಚೀಲವನ್ನೇ ತಟ್ಟೆಯ ಮೇಲೆ ಇಟ್ಟೆ. ಆ ತಟ್ಟೆ ತೂಕ ನೋಡುತ್ತದೆ ಎಂದು ನಿಮ್ಮ ಅಮ್ಮ ನನಗೆ ಹೇಳಿರಲಿಲ್ಲ.

"ಅನಿರೀಕ್ಷಿತ ವಸ್ತು ಕಂಡುಬಂದಿದೆ" ಎಂದಿತು ಯಂತ್ರ.

ಹೆದರಿ ಚೀಲ ತೆಗೆದೆ. "ವಸ್ತುವನ್ನು ತೆಗೆಯಲಾಗಿದೆ, ದಯವಿಟ್ಟು ಹಿಂದಿರಿಸಿ" ಎಂದಿತು. ಇಟ್ಟೆ. "ಅನಿರೀಕ್ಷಿತ ವಸ್ತು." ತೆಗೆದೆ. "ಹಿಂದಿರಿಸಿ." ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಅತ್ತೆಯೂ ಹೀಗೆಯೇ ಇದ್ದರು, ಒಲೆಗೆ ಪಾತ್ರೆ ಇಟ್ಟರೆ ಯಾಕೆ ಇಟ್ಟದ್ದು, ಇಳಿಸಿದರೆ ಯಾಕೆ ಇಳಿಸಿದ್ದು. ಆದರೆ ಅತ್ತೆಯ ತಲೆಯ ಮೇಲೆ ಕೆಂಪು ದೀಪ ಹೊತ್ತಿಕೊಳ್ಳುತ್ತಿರಲಿಲ್ಲ. ಇದರ ಮೇಲೆ ಹೊತ್ತಿಕೊಂಡಿತು. "ಸಹಾಯಕರಿಗಾಗಿ ಕಾಯಿರಿ" ಎಂದು ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿ ಸುಮ್ಮನಾಯಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಒಂದೇ ಯೋಚನೆ. ಪುತ್ತೂರು ದೊಡ್ಡ ಊರೇನಲ್ಲ. ಈ ಮುಖಗಳಲ್ಲಿ ಯಾರೋ ಒಬ್ಬರಿಗೆ ನಿಮ್ಮ ಪುತ್ತೂರಜ್ಜಿಯ ಪರಿಚಯ ಇದ್ದೇ ಇರುತ್ತದೆ. ನಾನು ಮನೆ ಮುಟ್ಟುವ ಮೊದಲು ಸುದ್ದಿ ಮುಟ್ಟುತ್ತದೆ: ಸುಮನಾಳ ಅಮ್ಮ ಸೌತೆಕಾಯಿ ಕದ್ದಳಂತೆ. ನನ್ನ ಮಗಳು ಆ ಮನೆಯಲ್ಲಿ ತಲೆಯೆತ್ತಿ ಹುಳಿ ಬಡಿಸುವುದು ಹೇಗೆ?

ಅಂಗಡಿಯ ಕೋಟು ಹಾಕಿದ ಒಬ್ಬಳು ಹುಡುಗಿ ಬಂದಳು. ಹರಿಣಾಕ್ಷಿ ಎಂದು ಎದೆಯ ಮೇಲೆ ಹೆಸರು ಇತ್ತು. ಚೀಲದೊಳಗೆ ನೋಡಿದಳು. ಬಹಳ ಮೆತ್ತಗೆ, "ಅಮ್ಮ, ಇದೊಂದು ತೋರಿಸ್ಲಿಕ್ಕೆ ಬಿಟ್ಟುಹೋಗಿದೆ ನಿಮಗೆ. ತೂಕ ಮಾಡಿ ಚೀಟಿ ಅಂಟಿಸ್ಬೇಕು. ನಾನು ಮಾಡಿಕೊಂಡು ಬರ್ತೇನೆ, ಆಗದಾ?" ಎಂದಳು.

ಅವಳು ಗದರಿಸಿದ್ದರೆ ಒಳ್ಳೆಯದಿತ್ತು. ಆ ಮೆತ್ತಗಿನ ಮಾತಿನಲ್ಲಿ, ವಯಸ್ಸಾದವರು, ಇರಲಿ, ಎನ್ನುವ ದಯೆ ಇತ್ತು. ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ, ನನಗೆ "ಆಗಲಿ" ಎನ್ನಬೇಕೆಂದೇ ಆಯಿತು. ನನ್ನದೇ ಸೌತೆಕಾಯಿಗೆ ಹಣ ಕೊಟ್ಟು ತಲೆತಗ್ಗಿಸಿ ಹೊರಗೆ ಹೋಗುವುದು, ಬಾಯಿ ತೆರೆಯುವುದಕ್ಕಿಂತ ಸುಲಭ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಗಂಡಸು, "ಎಂತ ಮಾರಾಯ್ರೆ, ಒಂದು ಸೌತೆಕಾಯಿಗೆ ಇಷ್ಟು ಹೊತ್ತಾ? ತಕ್ಕೊಂಡದ್ದಕ್ಕೆ ಕೊಟ್ಟು ಹೋಗುದಪ್ಪ" ಎಂದ. ತಕ್ಕೊಂಡದ್ದು ಎಂಬ ಮಾತು ನನಗೆ ತಾಗಿತು. ಕೊಟ್ಟರೆ ತಕ್ಕೊಂಡದ್ದು ಹೌದು ಎಂದು ಒಪ್ಪಿದ ಹಾಗೆ ಅಲ್ಲವೇ?

"ಇದು ನಾನು ಬೆಳೆಸಿದ್ದು" ಎಂದೆ.

"ಎಂತ ಅಮ್ಮ?" ಎಂದಳು ಹುಡುಗಿ. ಅವಳಿಗೆ ಕೇಳಿಸಲಿಲ್ಲ. ಮೇಷ್ಟ್ರಿಗೂ ಕೇಳಿಸುತ್ತಿರಲಿಲ್ಲ, ಪೂವಪ್ಪಣ್ಣನಿಗೂ ಕೇಳಿಸುತ್ತಿರಲಿಲ್ಲ.

"ಇದು ನಮ್ಮ ಮನೆದ್ದು" ಎಂದೆ ಮತ್ತೆ. ಈ ಸಲ ಕೇಳಿಸಿತು. ಎಷ್ಟು ಕೇಳಿಸಿತು ಎಂದರೆ, ಮನುಷ್ಯರ ಸಾಲಿನಲ್ಲಿ ಹಣ ತೆಗೆದುಕೊಳ್ಳುತ್ತಿದ್ದವಳೂ ಕೈ ನಿಲ್ಲಿಸಿದಳು. ಅದು ನನ್ನ ಸ್ವರ ಎಂದು ನನಗೇ ನಂಬಿಕೆ ಬರಲಿಲ್ಲ, ಆದರೆ ಒಮ್ಮೆ ಹೊರಟದ್ದು ನಿಲ್ಲಲೂ ಇಲ್ಲ. "ಮಾಡಿನಿಂದ ಇಳಿಸಿ ತಂದದ್ದು. ತೊಟ್ಟು ನೋಡು ಮಗಾ. ಬಾಳೆನಾರು ಉಂಟು. ನಿಮ್ಮ ಅಂಗಡಿಯಲ್ಲಿ ಯಾರು ಸೌತೆಕಾಯಿಗೆ ನಾರು ಕಟ್ಟಿ ನೇಲಿಸುದು? ಒಂದು ಬದಿಯಲ್ಲಿ ಹೊಗೆಯ ಕಪ್ಪೂ ಉಂಟು, ಎಷ್ಟು ಒರೆಸಿದರೂ ಹೋಗುದಿಲ್ಲ."

ಹರಿಣಾಕ್ಷಿ ಸೌತೆಕಾಯಿಯನ್ನು ಹೊರಗೆ ತೆಗೆದು ತಿರುಗಿಸಿದಳು. ಹೌದು, ನಾರಿನ ಕುಣಿಕೆ ಹಾಗೆಯೇ ಇತ್ತು, ಬಿಚ್ಚದೆ ಕತ್ತಿಯಿಂದ ಮೇಲೆ ಕೊಯ್ದು ಇಳಿಸಿದ್ದೆ. ಅವಳ ಮುಖವೇ ಬದಲಾಯಿತು. "ಅಯ್ಯೋ, ಹೌದಲ್ಲ. ನಮ್ಮಲ್ಲಿಯೂ ಹೀಗೇ ಕಟ್ಟುದು. ನಮ್ಮದು ಕಡಬದ ಹತ್ತಿರ" ಎಂದಳು. ಯಂತ್ರಕ್ಕೆ ಏನೋ ಒಂದು ಕಾರ್ಡು ತೋರಿಸಿದಳು, ಕೆಂಪು ದೀಪ ಆರಿತು. ಹಿಂದಿನ ಗಂಡಸು ಬೇರೆ ಯಂತ್ರದ ಕಡೆ ಹೋದ. ಅವನಿಗೂ ಅಲ್ಲಿ ಏನೋ ಅನಿರೀಕ್ಷಿತವಾಯಿತು ಎಂದು ಕೇಳಿಸಿತು. ನಾನು ನಗಲಿಲ್ಲ. ಒಳಗೊಳಗೆ ಸ್ವಲ್ಪ.

ಹರಿಣಾಕ್ಷಿ ಮಾತ್ರ ಸೌತೆಕಾಯಿಯನ್ನು ಕೈಯಿಂದ ಬಿಡಲಿಲ್ಲ. "ಈ ವರ್ಷ ನಮ್ಮಲ್ಲಿ ಒಂದೂ ಉಳಿಲಿಲ್ಲ. ಹಂದಿ ಬಂದು ಬಳ್ಳಿಯನ್ನೇ ಉತ್ತು ಹಾಕಿತು. ಅಮ್ಮನಿಗೆ ಬೀಜ ಹೋಯಿತಲ್ಲ ಅಂತ ಬೇಜಾರು. ಅಂಗಡಿದ್ದರ ಬೀಜ ಹಾಕಿದರೆ ಸರಿ ಬರುದಿಲ್ಲ" ಎಂದಳು. ಭಯ ಇಳಿದ ಮನುಷ್ಯರು ಏನು ಬೇಕಾದರೂ ದಾನ ಮಾಡುತ್ತಾರೆ. "ಬೀಜಕ್ಕೆ ನೀನೇ ಇಟ್ಟುಕೋ ಮಗಾ" ಎಂದೆ. "ಬೇಡಪ್ಪ, ಸಂಜೆ ಹೊರಗೆ ಹೋಗುವಾಗ ನನ್ನನ್ನೇ ಹಿಡಿತಾರೆ" ಎಂದು ನಕ್ಕಳು. ಕೊನೆಗೆ ಇಬ್ಬರೂ ಹೋಗಿ, ಅದನ್ನು ಬಾಗಿಲಿನ ಕಾವಲಿನವರ ಕುರ್ಚಿಯ ಅಡಿಯಲ್ಲಿ ಇಟ್ಟು, ಕಥೆ ಹೇಳಿ ಬಂದೆವು.

ಬಿಸ್ಕತ್ತಿಗೆ ಹಣ ಕೊಡುವಾಗ ನೆನಪಾಯಿತು, ಬೀಗಿತ್ತಿಯ ಮನೆಗೆ ಈಗ ನಾನು ಬರಿಗೈಯಲ್ಲಿ ಹೋಗುತ್ತಿದ್ದೇನೆ ಎಂದು. ದಾನ ಮಾಡಿದ್ದನ್ನು ವಾಪಸು ಕೇಳುವಂತಿಲ್ಲ. ತರಕಾರಿಯ ಬದಿಗೆ ಹೋಗಿ, ರಾಶಿಯಿಂದ ಒಂದು ಸೌತೆಕಾಯಿ ಆರಿಸಿ, ತೂಕ ಮಾಡಿಸಿ, ಯಂತ್ರಕ್ಕೆ ತೋರಿಸಿದೆ. ಈ ಸಲ ಅದು "ಟುಂಯ್" ಎಂದು ಒಪ್ಪಿಕೊಂಡು, ಧನ್ಯವಾದವನ್ನೂ ಹೇಳಿತು. ನಾನು ಬೆಳೆಸಿದ್ದಕ್ಕೆ ಕೆಂಪು ದೀಪ, ಯಾರೋ ಬೆಳೆಸಿದ್ದಕ್ಕೆ ಧನ್ಯವಾದ.

ನಿಮ್ಮ ಪುತ್ತೂರಜ್ಜಿ ಕಾಲು ಚಾಚಿ ಕೂತಿದ್ದರು. ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಚೀಲದಿಂದ ಸೌತೆಕಾಯಿ ತೆಗೆದು ಕೊಟ್ಟೆ. ಮನೆಯದ್ದು ಎಂದು ನಾನು ಹೇಳಿದ್ದಲ್ಲ. ಅವರೇ ಎರಡೂ ಕೈಯಲ್ಲಿ ಹಿಡಿದು, "ನಿಮ್ಮಲ್ಲಿನ ಸೌತೆಕಾಯಿಯ ಹುಳಿಗೆ ಒಂದು ರುಚಿಯೇ ಬೇರೆ ಮಾರಾಯ್ರೆ. ಪೇಟೆದ್ದು ಬರೀ ನೀರು" ಎಂದರು. ಹಾಗೆ ಹೇಳುತ್ತಾ ಅದನ್ನು ಮಡಿಲಲ್ಲಿ ತಿರುಗಿಸಿದರು. ಹೊಟ್ಟೆಯ ಅಡಿಯಲ್ಲಿ ಚೀಟಿ. ತೂಕ, ಬೆಲೆ, ಗೆರೆಗೆರೆ, ಎಲ್ಲ. ಆ ಚೀಟಿ ಕೀಳಲು ನನಗೆ ಹೊಳೆದೇ ಇರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು, ಆದರೆ ಆ ಮನೆಗೆ ಮೊನ್ನೆಯಷ್ಟೇ ಟೈಲ್ಸು ಹಾಕಿಸಿದ್ದರು.

ಅವರು ಕನ್ನಡಕ ಸರಿಮಾಡಿ ಓದಿದರು. ಆಮೇಲೆ ನನ್ನ ಮುಖ ನೋಡಿದರು. ಸ್ವರ ಇಳಿಸಿ ಕೇಳಿದರು, "ಇದನ್ನು ಯಂತ್ರಕ್ಕೆ ತೋರಿಸಿಕೊಟ್ಟದ್ದು ಯಾರು?"

"ನಾನೇ" ಎಂದೆ.

"ಒಬ್ಬರೇ?"

"ಒಬ್ಬಳೇ."

ಅವರು ಬಾಗಿಲ ಕಡೆ ಒಮ್ಮೆ ನೋಡಿ, "ಸುಮನಾಳ ಹತ್ತಿರ ಹೇಳ್ಬೇಡಿ. ನನಗೆ ಆ ಯಂತ್ರ ಕಂಡರೆ ಹೆದರಿಕೆ. ಒಮ್ಮೆ ಹೋದವಳು ಸಾಮಾನೆಲ್ಲ ಅಲ್ಲೇ ಬಿಟ್ಟು, ಗಂಟುನೋವು ಅಂತ ಮನೆಗೆ ಬಂದೆ" ಎಂದರು. ನಾನು ಅವರ ಗಂಟು ನೋಡಿದೆ. ಅವರು ಸೀರೆ ಎಳೆದುಕೊಂಡರು. "ನೀವು ಹೆದರ್ಲಿಲ್ವಾ?" ಎಂದು ಕೇಳಿದರು. ನಾನು ಹೆದರಿದ್ದು, ಕೆಂಪು ದೀಪ, ಬಾಳೆನಾರು, ಎಲ್ಲವೂ ಬಾಯಿಯವರೆಗೆ ಬಂತು. ಆದರೆ ಅಂಗಡಿಯಲ್ಲಿ ಅಷ್ಟು ಮಾತಾಡಿ ಆ ದಿನದ ಮಾತು ಮುಗಿದಿತ್ತೋ ಏನೋ, "ಎಂತ ಹೆದರುದು" ಎಂದು ಎರಡೇ ಮಾತು ಹೊರಗೆ ಬಂತು.

ಅದರ ಫಲ ನೀವು ನೋಡುತ್ತಿದ್ದೀರಿ. ನಾನು ಪುತ್ತೂರಿಗೆ ಬಂದಾಗಲೆಲ್ಲ ನಿಮ್ಮ ಪುತ್ತೂರಜ್ಜಿ ಚೀಲ ಹಿಡಿದು ಹೊರಡುತ್ತಾರೆ. ಯಂತ್ರದ ಎದುರು ನಾನು ನಿಲ್ಲುವುದು, ಅವರು ನನ್ನ ಹಿಂದೆ, ಕಂಬದ ಹಿಂದೆ ನಿಂತ ಹಾಗೆ. ಅದು "ನೀವು ಇನ್ನೂ ಇದ್ದೀರಾ?" ಎಂದಾಗ ಇಬ್ಬರೂ "ಇದ್ದೇವೆ" ಎನ್ನುತ್ತೇವೆ. ಅವರ ಸ್ವರ ಇರುವುದರಿಂದ ಈಗ ಅದಕ್ಕೆ ಕೇಳಿಸುತ್ತಲೂ ಇರಬಹುದು. ಪ್ರತಿ ಸಲವೂ ಬಸ್ಸಿನಲ್ಲಿ ಕೂತ ಹೊತ್ತಿನಿಂದ ಕೆಂಪು ದೀಪವೇ ಕಣ್ಣ ಮುಂದೆ. ಆದರೆ ಹೇಳಿಕೊಳ್ಳುವ ಹಾಗಿಲ್ಲ, ನಾನು ಧೈರ್ಯದವಳಲ್ಲವೇ?

ಈ ಹಾಳೆಗಳನ್ನು ಜೋಪಾನ ಮಾಡಿ ಮಕ್ಕಳೇ. ನೀವು ದೊಡ್ಡವರಾದ ಮೇಲೆ, ಎಲ್ಲಿಯಾದರೂ ಸ್ವರ ಹೊರಡದೆ ನಿಂತಾಗ ಒಮ್ಮೆ ತೆಗೆದು ಓದಬೇಕು. ಅಲ್ಲಿಯವರೆಗೆ ನಿಮ್ಮ ಪುತ್ತೂರಜ್ಜಿಯ ಕೈಗೆ ಮಾತ್ರ ಸಿಗಬಾರದು. ಪ್ರಮಥನ ಗಣಿತ ಪುಸ್ತಕದ ಒಳಗೆ ಇಡಿ. ಅದನ್ನು ಆ ಮನೆಯಲ್ಲಿ ಯಾರೂ ತೆರೆಯುವುದನ್ನು ನಾನು ನೋಡಿಲ್ಲ.